ಅತ್ತೆಯವರನ್ನು ಕೂರಿಸಿದ ಮೇಲೆ

ಅತ್ತೆಯವರನ್ನು ಕೂರಿಸಿದ ದಿನ ಒಬ್ಬಟ್ಟು ಬೇಯಿಸಿದವಳು ನಾನೇ. ಹೂರಣ ಹದವಾಗಿ ಬಂದಿತ್ತು, ಬಂದ ಹೆಂಗಸರೆಲ್ಲ ಮತ್ತೆ ಮತ್ತೆ ಬಡಿಸಿಕೊಂಡರು. ಹಿಂದಿನ ಕೋಣೆಯಲ್ಲಿ ಹೊಸ ಹತ್ತಿಯ ಹಾಸಿಗೆ ಹಾಸಿ, ಮೂಲೆಗಳಿಗೆ ಅರಿಶಿನ ಹಚ್ಚಿ, ಅತ್ತೆಗೆ ಹೊಸ ಸೀರೆ ಉಡಿಸಿ, ಹಾಡು ಹೇಳುತ್ತ ಹೆಗಲು ಹಿಡಿದು ಮೆಲ್ಲಗೆ ಕೂರಿಸಿದೆವು. ಕೂತ ಮೇಲೆ ಅವರ ಚಪ್ಪಲಿಯನ್ನು ಅಟ್ಟಕ್ಕೆ ಹಾಕುವುದು ಸೊಸೆಯ ಕೆಲಸ. ಅದನ್ನೂ ನಾನೇ ಮಾಡಿದೆ.

"ಇನ್ನು ನೀವು ಏಳೋ ಹಾಗಿಲ್ಲ ಅತ್ತೆ. ಏನು ಬೇಕಾದ್ರೂ ಕೂತಲ್ಲಿಗೇ ಬರುತ್ತೆ" ಎಂದೆ.

"ಏನು ಬೇಕಾದ್ರೂ?"

"ಏನು ಬೇಕಾದ್ರೂ."

"ಹಂಗಾದ್ರೆ ಬಾವಿಕಟ್ಟೆ ತಂದ್ಬಿಡವ್ವ. ಬೆಳಿಗ್ಗೆ ಅಲ್ಲಿ ಒಂದ್ಗಳಿಗೆ ನಿಂತ್ಕೊಳ್ಳೋದು ನಂಗೆ ಅಭ್ಯಾಸ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಮ್ಮೂರಿನಲ್ಲಿ ಅರವತ್ತರ ಆಸುಪಾಸಿಗೆ ಬಂದವರ ಎದೆ ಹೊರಗೆ ಕೇಳತೊಡಗುತ್ತದೆ. ಮೊದಲು ಪಕ್ಕದಲ್ಲಿ ಕೂತವರಿಗೆ, ಆಮೇಲೆ ಮನೆಗೆ, ಆಮೇಲೆ ಬೀದಿಗೆ. ಒಬ್ಬರದು ಒನಕೆಯ ಸದ್ದು, ಇನ್ನೊಬ್ಬರದು ಕಲ್ಲಿನ ಮೇಲೆ ಬಟ್ಟೆ ಒಗೆಯುವ ಸದ್ದು, ನಿವೃತ್ತ ಪೋಸ್ಟ್ ಮಾಸ್ತರರದು ಮೊಹರು ಒತ್ತಿದ ಹಾಗೆ. ಅಜ್ಜಿಯ ಮಗ್ಗುಲಲ್ಲಿ ಮಲಗಿಸಿದರೆ ಎಂಥ ಹಟದ ಕೂಸೂ ನಿದ್ದೆ ಹೋಗುತ್ತದೆ. ಆದರೆ ಮದುವೆ ಮನೆಯಲ್ಲಿ ವಾಲಗದವರು ತಾಳ ತಪ್ಪುತ್ತದೆಂದು ಹಿರಿಯರನ್ನು ದೂರ ಕೂರಿಸಿ ಅಂತ ಗೋಗರೆಯುತ್ತಾರೆ. ಇಸ್ಪೀಟಿಗೆ ವಯಸ್ಸಾದವರನ್ನು ಯಾರೂ ಸೇರಿಸಿಕೊಳ್ಳುವುದಿಲ್ಲ, ಒಳ್ಳೆಯ ಎಲೆ ಬಂದದ್ದು ಇಡೀ ಜಗಲಿಗೆ ಗೊತ್ತಾಗುತ್ತದೆ. ಸುಳ್ಳು ಹೇಳುವುದಿದ್ದರೆ ಅರವತ್ತರೊಳಗೆ ಹೇಳಿ ಮುಗಿಸು ಎಂದು ನಮ್ಮಲ್ಲಿ ಒಂದು ಗಾದೆಯೇ ಇದೆ.

ಗಂಡಸರಿಗೆ ಇದೊಂದು ಗತ್ತು. ಜಗಲಿಯ ಮೇಲೆ ಕಾಲು ಚಾಚಿ ಕೂತು ಎದೆ ಬಡಿಸಿಕೊಳ್ಳುತ್ತಾರೆ. ಹೆಂಗಸಿನದು ಹೊಸಿಲು ದಾಟಿ ಕೇಳಿದರೆ ಮಾತೇ ಬೇರೆ. ಗಂಡ ಊರಿಂದ ಬಂದಾಗ ಅವಳೆದೆ ಮಿಸುಕಲಿಲ್ಲವಂತೆ, ಬಳೆಗಾರ ಬಂದಾಗ ಕುಣಿಯಿತಂತೆ ಎಂದು ಬಾವಿಕಟ್ಟೆಯಲ್ಲಿ ಮಾತು ಹುಟ್ಟುತ್ತದೆ. ಅದಕ್ಕೇ ಮರ್ಯಾದಸ್ಥರ ಮನೆಗಳಲ್ಲಿ ಹೆಂಗಸಿನ ಎದೆ ಬೀದಿಗೆ ಕೇಳುತ್ತಿದ್ದಂತೆ ಅವಳನ್ನು ಕೂರಿಸಿಬಿಡುತ್ತಾರೆ. ಕೂತವಳ ಎದೆ ಮೆತ್ತಗಿರುತ್ತದೆ, ಮಿಕ್ಕ ಸದ್ದನ್ನು ಹತ್ತಿ ಕುಡಿಯುತ್ತದೆ. ಊಟಕ್ಕೆ ತೆಳ್ಳನೆಯ ಗಂಜಿ. ಗಟ್ಟಿ ಊಟ ಗಟ್ಟಿ ಸದ್ದು ಎಂಬುದು ಹಿರಿಯರ ಮಾತು. ನನಗೆ ಆಗ ಐವತ್ತಾರೋ ಐವತ್ತೇಳೋ. ನನ್ನ ಸರದಿ ಬಂದಾಗ ಕೇಳಿಸುವಂಥದ್ದೇನೂ ಇರಬಾರದು ಎಂದು ಐವತ್ತರಿಂದಲೇ ಯಾವುದಕ್ಕೂ ಹೆಚ್ಚು ಆಸೆಪಡದೆ ಇರುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದೆ. ಹಾಲು ಉಕ್ಕಿದರೂ ಓಡುತ್ತಿರಲಿಲ್ಲ.

ಅತ್ತೆಯವರ ಹೆಸರು ದೊಡ್ಡತಾಯಮ್ಮ. ನೀರು ಹೊತ್ತು ಓಡಾಡುತ್ತಿದ್ದ ಅವರ ಎದೆ ಬೀದಿಗೆ ಕೇಳುವ ಹೊತ್ತಿಗೆ ಅವರಿಗೆ ಎಂಬತ್ತಾಗುತ್ತ ಬಂದಿತ್ತು. ಅವರ ತಂಗಿ ಚಿಕ್ಕತಾಯಮ್ಮನನ್ನೂ ಇದೇ ಊರಿಗೆ ಕೊಟ್ಟಿದ್ದರು. ನಮ್ಮದು ಕೆಳಗಿನ ಬೀದಿ, ಅವರದು ಕಲ್ಲುಮೆಟ್ಟಿಲು ಹತ್ತಿ ಹೋಗುವ ಮೇಲಿನ ಬೀದಿ. ಅವರನ್ನೂ ಅದೇ ವರ್ಷ ಕೂರಿಸಿದ್ದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ವರ್ಷಗಳೇ ಆಗಿದ್ದವು. ಆದರೆ ಬೆಳಿಗ್ಗೆ ಊರು ಇನ್ನೂ ಸದ್ದು ಶುರುಮಾಡುವ ಮೊದಲು ಕಿಟಕಿಯ ಕಡೆ ಕಿವಿ ಕೊಟ್ಟರೆ ಸಾಕಿತ್ತು. ಅತ್ತೆಯದು ನಾದಿದ ಹಿಟ್ಟನ್ನು ಹಲಗೆಗೆ ಬಡಿದ ಸದ್ದು. ಚಿಕ್ಕತ್ತೆಯದು ಬೇರೆ ಥರ, ಒಂದು ಕಾಲಿನ ಚಪ್ಪಲಿ ಹರಿದವಳು ಎಳೆದುಕೊಂಡು ನಡೆದ ಹಾಗೆ. "ಕೇಳ್ದಾ? ಇವತ್ತು ಸೊಸೆ ಜೊತೆ ಮುನಿಸು ಅವಳಿಗೆ" ಎನ್ನುತ್ತಿದ್ದರು ಅತ್ತೆ. ಇಲ್ಲವೇ, "ಯಾರೋ ನೆಂಟ್ರು ಬಂದವ್ರೆ, ಖುಷಿಯಾಗವ್ಳೆ." ಆಮೇಲೆ ತಾವೂ ಒಂದು ಕೆಮ್ಮು ಕೆಮ್ಮಿ ಎದೆಯನ್ನು ಸ್ವಲ್ಪ ಏರಿಸುತ್ತಿದ್ದರು. ಅದು ಉತ್ತರ.

ಕೂರಿಸಿದ ಮೊದಲಲ್ಲಿ ಎಲ್ಲ ಚೆನ್ನಾಗಿತ್ತು. ಸದ್ದು ಇಳಿಯಿತು, ಊರಿನವರು ಹೊಗಳಿದರು. ಆಮೇಲೆ ಏನಾಯಿತೆಂದರೆ, ಅತ್ತೆಯ ಕಾಲು ತೆಳ್ಳಗಾಗುತ್ತ ಬಂತು. ಎಣ್ಣೆ ಹಚ್ಚುವಾಗ ನನ್ನ ಕೈಗೆ ಗೊತ್ತಾಗುತ್ತಿತ್ತು. ಒಂದು ಕಾಲದಲ್ಲಿ ಸೊಂಟದ ಎರಡೂ ಬದಿಗೆ ಒಂದೊಂದು ಕೊಡ ಇಟ್ಟುಕೊಂಡು ಬಾವಿಯಿಂದ ಬರುತ್ತಿದ್ದ ಹೆಂಗಸು. ಈಗ ಮೀನಖಂಡದ ಜಾಗದಲ್ಲಿ ಖಾಲಿ ಚೀಲದ ಹಾಗೆ ಚರ್ಮ ಜೋಲುತ್ತಿತ್ತು. ಕಾಲು ತೆಳ್ಳಗಾದಷ್ಟೂ ಎದೆಗೆ ಕೆಲಸ ಹೆಚ್ಚಾಯಿತು. ಮಗ್ಗುಲು ಬದಲಿಸಿದರೆ ಪಡಸಾಲೆಗೆ ಕೇಳಿಸುತ್ತಿತ್ತು. ನನ್ನನ್ನು ಹಿಡಿದುಕೊಂಡು ಬಚ್ಚಲಿಗೆ ಹೋಗಿ ಬಂದರೆ ಇಡೀ ಬೀದಿಗೆ ಗೊತ್ತಾಗುತ್ತಿತ್ತು.

"ಪ್ರಭಾಮಣಿ, ನಿಮ್ಮತ್ತೆ ಇವತ್ತು ಬೇಗ ಬಚ್ಚಲಿಗೆ ಹೋದ್ರು ಅಲ್ವಾ?" ಎಂದು ಎದುರು ಮನೆಯ ಜಯಶೀಲ ಗೋಡೆಯ ಮೇಲಿಂದ ಕೇಳುವಳು. "ಪಾಪ, ಇನ್ನೊಂದು ಹಾಸಿಗೆ ಹಾಕ್ಬಾರ್ದಾ?"

ಇನ್ನೊಂದು ಹಾಸಿಗೆ ಹಾಕಿದೆವು. ಹತ್ತಿ ಹಿಂಜುವ ಬುಡನ್ ಸಾಬರು ಬಂದು ಇನ್ನೂ ದಪ್ಪನೆಯದನ್ನು ಹೊಲಿದುಕೊಟ್ಟರು. ಅತ್ತೆ ಅದರಲ್ಲಿ ಇನ್ನಷ್ಟು ಹೂತರು. ಕಾಲು ಇನ್ನಷ್ಟು ತೆಳ್ಳಗಾಯಿತು. ಎದೆ ಇನ್ನಷ್ಟು ಜೋರಾಯಿತು. ನಮ್ಮ ಮನೆಯವರು, ಮರಿಸ್ವಾಮಿ, ತಾಯಿಯನ್ನು ಕಂಡರೆ ಪ್ರಾಣ ಬಿಡುವವರು. ಬಚ್ಚಲಿಗೂ ಹೋಗುವುದು ಬೇಡವೆಂದು ಕೋಣೆಗೇ ಏರ್ಪಾಡು ಮಾಡಿದರು. "ಅಮ್ಮ, ನೀನು ಕೈ ಸಹ ಎತ್ಬೇಡ. ನೀರು ನಾನು ಕುಡಿಸ್ತೀನಿ" ಎಂದರು. ಅತ್ತೆ ಕುಡಿಸಿಕೊಂಡರು. ನೀರು ನುಂಗಿದ್ದಕ್ಕೇ ಎದೆ ಢಬಢಬ ಎಂದಿತು.

ಹೀಗಿರುವಾಗ ಒಂದು ಬೆಳಿಗ್ಗೆ ಅತ್ತೆ ನನ್ನನ್ನು ಕರೆದರು. "ಚಿಕ್ಕಿ ಕೇಳ್ತಿಲ್ಲ ಕಣೇ."

ನಾನೂ ಕಿಟಕಿಗೆ ಕಿವಿಯಿಟ್ಟೆ. ಮೇಲಿನ ಬೀದಿಯಿಂದ ಬೇರೆ ಬೇರೆ ಎದೆಗಳು ಕೇಳುತ್ತಿದ್ದವು. ಚಪ್ಪಲಿ ಎಳೆಯುವ ಸದ್ದು ಇರಲಿಲ್ಲ. ಮರುದಿನವೂ ಇಲ್ಲ. ಸತ್ತಿದ್ದರೆ ಸುದ್ದಿ ಬರುತ್ತಿತ್ತು. ಅತ್ತೆ ಮಗನನ್ನು ಅಟ್ಟಿದರು. ಅವರು ಹೋಗಿ ಬಂದು ತಾಯಿಯ ಎದುರು ನಿಂತು, "ಚೆನ್ನಾಗವ್ರೆ ಕಣಮ್ಮ. ಸೊಸೆ ಪಾರಿಜಾತ ರಾಣಿ ಥರ ನೋಡ್ಕೊಂಡವ್ಳೆ. ಎದೆ ಎಷ್ಟು ನಯ ಅಂತೀಯಾ, ಪಕ್ಕದಲ್ಲಿ ಕೂತ್ರೂ ಕೇಳಲ್ಲ" ಎಂದರು.

ನಮ್ಮ ಮನೆಯವರಿಗೆ ಅರವತ್ತಾಗಿ ವರ್ಷ ಒಂದೆರಡಾಗಿತ್ತು. ಮಾತು ಮುಗಿಯುವುದರೊಳಗೆ ಅವರ ಎದೆ ಟಕಟಕಟಕ ಎಂದು ಓಡತೊಡಗಿತು. ಅವರು ಶಾಲನ್ನು ಎಳೆದು ಹೊದ್ದುಕೊಂಡರು. ಪ್ರಯೋಜನವಾಗಲಿಲ್ಲ.

"ಮರಿ" ಎಂದರು ಅತ್ತೆ, "ಗಾದೆ ಮರೆತ್ಬಿಟ್ಯಾ?"

ಅವರು ತಲೆತಗ್ಗಿಸಿದರು. "ತುಂಬಾ ಸಣ್ಣಗಾಗ್ಬಿಟ್ಟವ್ರೆ ಅಮ್ಮ. ನನ್ನ ಗುರುತು ಹಿಡೀಲಿಲ್ಲ."

ಅತ್ತೆ ಅಳಲಿಲ್ಲ. "ನಾನೇ ಹೋಗ್ಬೇಕು" ಎಂದರು. ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋಗೋಣವೆಂದು ಮಗ ಹೇಳಿದರೆ ಒಪ್ಪಲಿಲ್ಲ. "ಕೂತವಳನ್ನ ಹೊತ್ಕೊಂಡು ಹೊಸಿಲು ದಾಟ್ಸೋದು ಒಂದೇ ಸಲ. ಆ ಸರದಿ ಬಂದಾಗ ಕರೀತೀನಿ, ಬಾ." ಅಷ್ಟು ಹೇಳಿ ಹಾಸಿಗೆಗೆ ಕೈಯೂರಿ ಎದ್ದರು. ಎದ್ದರು ಅನ್ನುವುದು ಮರ್ಯಾದೆಯ ಮಾತು. ಸೊಂಟ ಒಂದು ಗೇಣು ಮೇಲೆ ಬಂತು, ಮೊಣಕಾಲು ಗಾಳಿಗೆ ಸಿಕ್ಕ ಬಳ್ಳಿಯ ಹಾಗೆ ನಡುಗಿತು, ಧೊಪ್ಪನೆ ಹಾಸಿಗೆಯೊಳಗೆ ಹೂತುಹೋದರು. ಎದೆ ಮಾತ್ರ ಎದ್ದು ನಿಂತಿತ್ತು. ಆ ಸದ್ದಿಗೆ ಬೀದಿಯ ನಾಯಿಗಳು ಬೊಗಳಿದವು, ಜಯಶೀಲ ಗಂಗಾಜಲದ ತಂಬಿಗೆ ಹಿಡಿದು ಓಡಿಬಂದಳು.

ಅವಳನ್ನು ಸಾಗಹಾಕಿ ಬಂದಾಗ ಅತ್ತೆ ತಮ್ಮ ಕಾಲನ್ನು ಬೇರೆ ಯಾರದೋ ವಸ್ತು ಎಂಬಂತೆ ನೋಡುತ್ತಿದ್ದರು. "ಗಂಜಿ ಕುಡ್ದು ಕುಡ್ದು ಗಂಜಿಯೇ ಆಗ್ಬಿಟ್ಟಿದೀನಿ. ಪ್ರಭಾ, ಅಟ್ಟದ ಮೇಲೆ ನನ್ನ ಮಣೆ ಐತೆ, ಇಳ್ಸು. ಮಧ್ಯಾಹ್ನಕ್ಕೆ ಮುದ್ದೆ ಮಾಡು. ಹುರುಳಿಕಾಳಿನ ಸಾರು. ಎರಡು ಮೊಟ್ಟೆ ಬೇಯ್ಸು."

"ಅತ್ತೆ, ಸದ್ದು…"

"ಸದ್ದು ನಂದು. ಮೊಟ್ಟೆ ಕೋಳೀದು. ನಿಂಗೇನು ಕಷ್ಟ?"

ನನಗೆ ಕಷ್ಟವಿತ್ತು. ಕೂರಿಸಿದವರನ್ನು ಏಳಿಸಿದ ಸೊಸೆ ಎಂದು ಕರೆಸಿಕೊಳ್ಳುವುದು ನಮ್ಮೂರಿನಲ್ಲಿ ಸಣ್ಣ ಮಾತಲ್ಲ. ಆದರೂ ಮಣೆ ಇಳಿಸಿದೆ. ಗೋಡೆಗೆ ಒತ್ತಿ ಹಾಕಿದ ಮಂಚದ ಮೇಲೆ ಅದನ್ನಿಟ್ಟು ಎತ್ತರ ಮಾಡಿ, ಅತ್ತೆಯನ್ನು ಅದರ ಮೇಲೆ ಕೂರಿಸಿ, ಎರಡೂ ಕೈ ಹಿಡಿದು, "ಏಳಿ" ಎಂದೆ. ಎದ್ದರು, ಕೂತರು. ಆ ಎತ್ತರದಿಂದ ಏಳುವುದು ಅಷ್ಟು ಕಷ್ಟವಿರಲಿಲ್ಲ. ಆದರೆ ಸದ್ದು ಬಾಗಿಲು ಮುರಿಯುವ ಹಾಗೆ ಹೊರಟಿತು. ಜಯಶೀಲಳ ಕಿಟಕಿ ಕಿರ್ರೆಂದಿತು. ಅತ್ತೆಯ ಸದ್ದನ್ನು ಮುಚ್ಚುವುದಕ್ಕೆ ಇನ್ನೊಂದು ಸದ್ದು ಬೇಕಿತ್ತು.

ಆಗ ಬುಡನ್ ಸಾಬರ ನೆನಪಾಯಿತು. ಎಲ್ಲ ಹಾಸಿಗೆಯೂ ಗಂಟುಗಟ್ಟಿದೆ, ಬಿಚ್ಚಿ ಹಿಂಜಬೇಕು ಎಂದು ಹೇಳಿಕಳಿಸಿದೆ. ಅವರು ಹಿತ್ತಿಲಿನಲ್ಲಿ ಹಿಂಜುವ ಬಿಲ್ಲು ಕಟ್ಟಿ, ಮರದ ಕೊಡತಿಯಿಂದ ತಂತಿ ಮೀಟಿದರೆ ಟೊಂಯ್ ಟೊಂಯ್ ಎಂದು ಇಡೀ ಬೀದಿ ತುಂಬುತ್ತಿತ್ತು. ಅದರ ಮರೆಯಲ್ಲಿ ಒಳಗೆ ಅತ್ತೆ ಏಳುವರು, ಕೂರುವರು. ಬಿಲ್ಲು ನಿಂತರೆ ಇವರೂ ಕೂತುಬಿಡುವರು, ಅವರು ಬೀಡಿ ಮುಗಿಸಿದರೆ ಇವರೂ ಏಳುವರು. ಬುಡನ್ ಸಾಬರಿಗೆ ಎಪ್ಪತ್ತು ದಾಟಿದೆ. ಹೆಗಲ ಮೇಲೆ ಬಿಲ್ಲು ಹೊತ್ತು ಊರೂರು ನಡೆಯುವ ಅವರ ಎದೆ ಈವರೆಗೆ ಯಾರಿಗೂ ಕೇಳಿಲ್ಲ. ಅಂಗಿಯೊಳಗೆ ಹತ್ತಿ ತುಂಬಿಕೊಂಡಿದ್ದಾರೆ ಎಂದೇ ಊರಿನ ನಂಬಿಕೆ.

ಅವರು ಹಿಂಜಿ ಮುಗಿಸಿದ ಹತ್ತಿಯನ್ನು ನಾನು ಸಂಜೆ ನೀರು ಚಿಮುಕಿಸಿ ತುಳಿದು ಮತ್ತೆ ಗಂಟು ಮಾಡುತ್ತಿದ್ದೆ. ಬೆಳಿಗ್ಗೆ ಅವರು ಬಂದು ನೋಡಿ ತಲೆ ಕೆರೆದುಕೊಳ್ಳುವರು. "ಏನ್ ಹತ್ತಿ ತಾಯಿ ಇದು. ಇಂಥ ಮೊಂಡು ಹತ್ತಿ ನಾನು ಕಂಡಿಲ್ಲ."

"ನಮ್ಮ ಮನೆ ಹವಾ ಹಾಗೆ ಸಾಬ್ರೆ" ಎನ್ನುತ್ತಿದ್ದೆ. ನನಗಿನ್ನೂ ಅರವತ್ತಾಗಿರಲಿಲ್ಲ, ಹೇಳಬಹುದಿತ್ತು.

ಮಂಚದಿಂದ ಕುರ್ಚಿಗೆ ಬಂದೆವು. ಕುರ್ಚಿಯಿಂದ ಕಾಲುಮಣೆಗೆ. ಅತ್ತೆ ಮುದ್ದೆ ಉಣ್ಣುತ್ತಿದ್ದರು, ಹುರುಳಿಕಾಳನ್ನು ಅಗಿಯಲಾರದೆ ಚೀಪುತ್ತಿದ್ದರು. ಕೂತಲ್ಲೇ ಬೀಸುವ ಕಲ್ಲು ತಿರುಗಿಸಿದರು. ಅದರಲ್ಲಿ ಹಿಟ್ಟೇನೂ ಬೀಳುತ್ತಿರಲಿಲ್ಲ, ತೋಳು ಬೆವರುತ್ತಿತ್ತು. ಹಿಂದಿನ ಕೋಣೆಯ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ನಡೆಯತೊಡಗಿದರು. ನಡೆಯುವಾಗ ನನ್ನ ಭುಜದ ಮೇಲಿನ ಅವರ ಕೈ ದಿನದಿನಕ್ಕೂ ಹಗುರಾಗುತ್ತಿತ್ತು. ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದರೂ ನಾವು ಒಬ್ಬರನ್ನೊಬ್ಬರು ಇಷ್ಟು ಮುಟ್ಟಿರಲಿಲ್ಲ.

ಒಂದು ದಿನ ಅನಾಹುತವಾಯಿತು. ಅತ್ತೆ ಮೊದಲ ಸಲ ನೆಲಕ್ಕೆ ಹಾಕಿದ ಮಣೆಯಿಂದ, ಕೈಯೂರದೆ, ಯಾರನ್ನೂ ಹಿಡಿಯದೆ ಏಳುತ್ತಿದ್ದರು. ಅರ್ಧ ಎದ್ದಿದ್ದಾರೆ, ಹೊರಗೆ ಟಣ್ ಎಂದು ಬಿಲ್ಲಿನ ತಂತಿ ಹರಿಯಿತು. ಬೀದಿ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ಅತ್ತೆಯ ಎದೆ ಒಂದೇ, ಕುದುರೆ ಬಿಟ್ಟ ಹಾಗೆ, ಕೆಳಗಿನ ಬೀದಿಯ ಈ ತುದಿಯಿಂದ ಆ ತುದಿಗೆ ಓಡಿತು.

ಅವರು ಕೂರಲಿಲ್ಲ. ಪೂರ್ತಿ ಎದ್ದು ನಿಂತು, ಆಮೇಲೆ ಕೂತರು.

ಹಿತ್ತಿಲಿಗೆ ಮೊದಲು ಬಂದವಳು ಜಯಶೀಲ. ಹಿಂದೆ ನಾಲ್ಕಾರು ಹೆಂಗಸರು. ಅಲ್ಲಿ ಬುಡನ್ ಸಾಬರು ಹರಿದ ತಂತಿ ಹಿಡಿದು ನಿಂತಿದ್ದರು. ಬೇರೆ ಯಾರೂ ಇರಲಿಲ್ಲ. ಜಯಶೀಲ ಅವರನ್ನು ನೋಡಿದಳು, ಕೋಣೆಯ ಕಿಟಕಿಯನ್ನು ನೋಡಿದಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಅದಕ್ಕೇ ಅಂತೀನಿ" ಎಂದಳು, "ಎಷ್ಟು ಹಿಂಜಿದ್ರೂ ಹತ್ತಿ ಯಾಕೆ ಮುಗೀತಾ ಇಲ್ಲ ಅಂತ."

ಸಂಜೆಯ ಹೊತ್ತಿಗೆ ಸುದ್ದಿ ಸಂತೆಗೆ ತಲುಪಿತ್ತು. ನಮ್ಮ ಮನೆಯವರು ಮುಖ ಕಪ್ಪಿಟ್ಟುಕೊಂಡು ಬಂದು ಜಗಲಿಯಲ್ಲಿ ಕೂತರು, ಅವರ ಎದೆ ಅವಮಾನದಿಂದ ಒಂದು ಬಡಿದು ಒಂದು ಬಿಡುತ್ತಿತ್ತು. ನಾನು ಒಳಗೆ ಹೋಗಿ, "ಅತ್ತೆ, ನಿಜ ಹೇಳಿಬಿಡೋಣ" ಎಂದೆ.

"ಯಾವ ನಿಜ? ಏಳೋದು ಕಲೀತಿದೀನಿ ಅಂತಲಾ? ಹಂಗಂದ್ರೆ ಎಲ್ಲ ಸೇರಿ ಕೈಕಾಲು ಹಿಡ್ಕೊಂಡು ಮತ್ತೆ ಒಬ್ಬಟ್ಟು ಮಾಡಿ ಕೂರಿಸ್ತಾರೆ. ಸಾಯ್ತಿದಾಳೆ ಅಂದ್ರೆ ಇನ್ನೊಂದು ಹಾಸಿಗೆ ತರ್ತಾರೆ. ಇದಾದ್ರೆ ಮೇಲು. ನಾಚ್ಕೊಂಡು ಯಾರೂ ಹತ್ರ ಬರಲ್ಲ." ಮುದ್ದೆಯ ತುತ್ತು ಮುರಿದರು. "ಎಂಬತ್ತರ ಮೇಲೆ ಹಿಂಗೊಂದು ಮಾತು ಬಂತಲ್ಲ ನನ್ ಮೇಲೆ. ನಿಮ್ಮಾವ ಇದ್ದಿದ್ರೆ ನಗೋರು."

ಅವರು ಹೇಳಿದ ಹಾಗೇ ಆಯಿತು, ಹೆಂಗಸರು ನಮ್ಮ ಮನೆಗೆ ಬರುವುದನ್ನು ಬಿಟ್ಟರು. ಬುಡನ್ ಸಾಬರು ಮಾತ್ರ ಹೊಸ ತಂತಿ ಕಟ್ಟಿಕೊಂಡು ಮಾರನೆಯ ದಿನವೂ ಬಂದರು. ಬಿಲ್ಲು ಎತ್ತುವ ಮೊದಲು ಕಿಟಕಿಯ ಕಡೆ ನೋಡದೆ, "ಅಮ್ಮಾವ್ರು ಆರಾಮಾ?" ಎಂದರು. ಆಗ ಒಂದು ಸದ್ದು ಕೇಳಿತು. ಒಂದೇ ಒಂದು. ತೆಂಗಿನಕಾಯಿಗೆ ಬೆರಳಿನಿಂದ ತಟ್ಟಿದ ಹಾಗೆ. ನಾನು ಅವರ ಅಂಗಿಯನ್ನೇ ನೋಡಿದೆ. ಅವರು ಗಡಬಡಿಸಿ ತಂತಿ ಮೀಟಿದರು.

ಇದಾದ ಮೇಲೆ ನನ್ನ ನಿಜವಾದ ಭಯ ಶುರುವಾಯಿತು. ಅತ್ತೆಯ ಎದೆ ಇಳಿಯತೊಡಗಿತು. ಮೊದಲು ಬೀದಿಗೆ ಕೇಳುವುದು ನಿಂತಿತು. ಆಮೇಲೆ ಜಗಲಿಗೆ. ಆಮೇಲೆ ಅಡುಗೆಮನೆಯಲ್ಲಿ ನಿಂತರೆ ನನಗೂ ಕೇಳದಾಯಿತು. ಮನೆಯವರಿಗೆ ಸಮಾಧಾನ. "ನೋಡಿದ್ಯಾ, ಅಮ್ಮನೆದೆ ಎಷ್ಟು ನಯ ಆಯ್ತು" ಎಂದರು. ಆ ಮಾತು ಕೇಳಿ ನನ್ನ ಕೈಯ ಸೌಟು ನಿಂತಿತು. ಚಿಕ್ಕತ್ತೆಯ ಬಗ್ಗೆಯೂ ಅವರು ಇದೇ ಮಾತು ಹೇಳಿದ್ದರು. ಸದ್ದಿಲ್ಲದಿರುವುದರಲ್ಲಿ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ನಮ್ಮೂರಿನಲ್ಲಿ ಯಾರೂ ಯಾರಿಗೂ ಕಲಿಸಿಲ್ಲ. ಏಳಿಸಿ ಕೂರಿಸಿ ನಾನೇ ಆ ಜೀವವನ್ನು ಸವೆಸಿಬಿಟ್ಟೆನೇ? ಮಧ್ಯಾಹ್ನ ಅವರು ಮಲಗಿದ್ದಾಗ ಮೆಲ್ಲಗೆ ಬಾಗಿ ಎದೆಗೆ ಕಿವಿಯಿಟ್ಟೆ. ಮದುವೆಯಾಗಿ ಬಂದ ಮೇಲೆ ಯಾರ ಎದೆಗೂ ನಾನು ಹಾಗೆ ಕಿವಿಯಿಟ್ಟಿರಲಿಲ್ಲ, ಗಂಡನದಕ್ಕೂ. ತುಂಬ ಹೊತ್ತು ಏನೂ ಇಲ್ಲ ಅನಿಸಿತು. ಆಮೇಲೆ ಧಪ್. ಸಾವಕಾಶವಾಗಿ, ಹದವಾಗಿ ನಾದಿದ ಹಿಟ್ಟು ಹಲಗೆಗೆ ಬಿದ್ದ ಹಾಗೆ. ಮತ್ತೆ ಧಪ್. ಅವಸರವೇ ಇಲ್ಲ.

"ಏನ್ ಹುಡುಕ್ತಿದೀಯ?" ಎಂದರು ಅತ್ತೆ, ಕಣ್ಣು ಮುಚ್ಚಿಕೊಂಡೇ.

"ಏನಿಲ್ಲ."

"ನಿಮ್ಮಾವ ಕೊಟ್ಟ ದುಡ್ಡೇನೂ ಇಟ್ಟಿಲ್ಲ ಅಲ್ಲಿ. ನಾಳೆ ಹೋಗೋಣ. ಚಪ್ಪಲಿ ಇಳ್ಸು."

ಅಟ್ಟದ ಮೇಲಿದ್ದ ಅವರ ಚಪ್ಪಲಿಯನ್ನು ಇಲಿ ತಿಂದಿತ್ತು. ಹೆಬ್ಬೆರಳು ತೂರಿಸುವ ಉಂಗುಷ್ಠ ಮಾತ್ರ ಉಳಿದಿತ್ತು. ಬೆಳಿಗ್ಗೆ ನನ್ನದನ್ನೇ ಕೊಟ್ಟೆ. ನಾನು ಬರಿಗಾಲಿನಲ್ಲಿ ಹೊರಟೆ. ಮನೆಯವರು ಹಲ್ಲುಜ್ಜುತ್ತ ನಿಂತಿದ್ದವರು ತಾಯಿ ಪಡಸಾಲೆಯಲ್ಲಿ ನಡೆದು ಬಂದದ್ದನ್ನು ನೋಡಿ ಹಲ್ಲುಪುಡಿ ನುಂಗಿಬಿಟ್ಟರು. ಅವರು ಮಾತಾಡುವ ಮೊದಲೇ ಅವರ ಎದೆ ಕುಣಿಯಿತು. ಅದು ಭಯವೋ ಸಂತೋಷವೋ, ಸದ್ದಿನಲ್ಲಿ ಎರಡೂ ಒಂದೇ. "ಅಮ್ಮ, ಜನ…" ಎಂದರು.

"ಜನಕ್ಕೆ ಕೇಳಿಸ್ದಂಗೆ ಹೋಗ್ತೀನಿ" ಎಂದು ಅತ್ತೆ ಹೊಸಿಲು ದಾಟಿದರು.

ಹಾಗೇ ಆಯಿತು. ನಮ್ಮೂರಿನಲ್ಲಿ ಮುದುಕಿಯರು ಬರುವುದು ಮೊದಲು ಕಿವಿಗೆ ಗೊತ್ತಾಗುವುದರಿಂದ ಯಾರೂ ತಿರುಗಿಯೇ ನೋಡಲಿಲ್ಲ. ಜಯಶೀಲ ರಂಗೋಲಿ ಹಾಕುತ್ತಿದ್ದವಳು ಎದುರಿಗೆ ನನ್ನ ಚಪ್ಪಲಿ ಕಂಡು, "ಎಲ್ಲಿಗೆ ಪ್ರಭಾಮಣಿ ಇಷ್ಟು ಬೇಗ" ಎನ್ನುತ್ತ ತಲೆಯೆತ್ತಿದಳು. ಅತ್ತೆಯ ಮುಖ ಕಂಡದ್ದೇ ಹಿಂದಕ್ಕೆ ಕೂತುಬಿಟ್ಟಳು. ಸದ್ದಿಲ್ಲದೆ ನಡೆಯುವ ಮುದುಕಿ ಎಂದರೆ ಅವಳ ಪ್ರಕಾರ ದೆವ್ವ ಒಂದೇ.

"ಚುಕ್ಕಿ ತಪ್ತು ನೋಡು" ಎಂದು ಅತ್ತೆ ಮುಂದೆ ಹೋದರು.

ಕಲ್ಲುಮೆಟ್ಟಿಲು ಬೇರೆ ಮಾತು. ಮೊದಲ ಸಾಲು ಹತ್ತುವಷ್ಟರಲ್ಲಿ ಸದ್ದು ಎದ್ದಿತು. ಎರಡನೆಯ ಸಾಲಿಗೆ ಮನೆಗಳ ಬಾಗಿಲು ತೆರೆದವು. ಅತ್ತೆ ಪ್ರತಿ ಸಾಲಿನ ಕೊನೆಯ ಕಟ್ಟೆಯಲ್ಲಿ ಕೂತು, ಮತ್ತೆ ಕೈಯೂರದೆ ಏಳುತ್ತಿದ್ದರು. ನನಗೆ ಆಗ ಕಾಣುತ್ತಿದ್ದದ್ದು ಒಂದೇ: ಇಲ್ಲಿ ಆ ಎದೆ ನಿಂತುಹೋದರೆ ಇಡೀ ಊರಿಗೆ ಒಂದೇ ಸಲ ಗೊತ್ತಾಗುತ್ತದೆ. ಯಾವುದೋ ಹಿಂದಿನ ಕೋಣೆಯ ಕಿಟಕಿಯಿಂದ, ಕೂರಿಸಿದ ಇನ್ನಾರದೋ ದನಿ ಬಂತು.

"ಯಾರವ್ವ ಅದು?"

"ದೊಡ್ಡತಾಯಿ."

"ಎಲ್ಲಿಗೆ?"

"ತಂಗಿ ಮನೆಗೆ."

"ನಡ್ಕೊಂಡಾ?"

"ಇನ್ನೇನು, ಹಾರ್ಕೊಂಡಾ?"

ಒಳಗಿನಿಂದ ಒಂದು ಸುಕ್ಕುಗಟ್ಟಿದ ಕೈ ಕಿಟಕಿಯ ಸರಳು ಹಿಡಿಯಿತು. ಆಮೇಲೆ, "ಹೆಂಗೈತೆ ಹೊರಗೆ?" ಎಂದಿತು ಆ ದನಿ.

"ಬಿಸಿಲು ಬಂದೈತೆ" ಎಂದರು ಅತ್ತೆ, ಏದುಸಿರಿನ ನಡುವೆ.

ಚಿಕ್ಕತ್ತೆಯ ಸೊಸೆ ಪಾರಿಜಾತ ಬಾಗಿಲಿನಲ್ಲೇ ಕಾಯುತ್ತಿದ್ದಳು. ಎದೆ ಬಡಿತ ತನ್ನ ಮನೆಯ ಕಡೆಗೇ ಬರುತ್ತಿರುವುದನ್ನು ಕೇಳಿ ಹೆದರಿದ್ದಳು. ನಮ್ಮನ್ನು ಕಂಡು ಅವಳಿಗೆ ಏನು ಮಾಡಬೇಕೋ ತಿಳಿಯಲಿಲ್ಲ, ನೀರು ಕೊಟ್ಟಳು. ಆಮೇಲೆ ಕೋಣೆ ತೋರಿಸಿದಳು. ಸ್ವಲ್ಪ ಹೆಮ್ಮೆಯಿಂದಲೇ ತೋರಿಸಿದಳು. ನೆಲದಲ್ಲಿ ಹಾಸಿಗೆ, ಹಾಸಿಗೆಯ ಮೇಲೆ ಹಾಸಿಗೆ. ಗೋಡೆಗಳಿಗೆಲ್ಲ ಹಾಸಿಗೆ ಒರಗಿಸಿತ್ತು. ಕಿಟಕಿಗೆ ಹತ್ತಿ ತುಂಬಿ ಹೊಲಿದಿದ್ದಳು. ಎಲ್ಲಿಯೂ ಒಂದು ಚೂರು ಧೂಳಿಲ್ಲ. ನಾನು ಏನು ಹೇಳಲಿ, ನಮ್ಮ ಮನೆಯ ಕೋಣೆಯೂ ಇನ್ನೆರಡು ವರ್ಷ ಹೋಗಿದ್ದರೆ ಹೀಗೇ ಆಗುತ್ತಿತ್ತು. ಅವಳು ತನ್ನ ಅತ್ತೆಯನ್ನು ಪ್ರೀತಿಸುತ್ತಿರಲಿಲ್ಲ ಎಂದು ಯಾರೂ ಹೇಳಲಾರರು. ಆ ಬಿಳಿಯ ನಡುವೆ ಹುಡುಕಿದರೆ ಒಂದು ಪುಟ್ಟ ಮುಖ ಇತ್ತು.

ಅತ್ತೆ ಹಾಸಿಗೆಗಳನ್ನು ತುಳಿದುಕೊಂಡು ಹೋಗಿ ತಂಗಿಯ ಪಕ್ಕ ಕೂತು ಕಿವಿಯಿಟ್ಟರು. ಅಲ್ಲಾಡದೆ ಕೇಳಿದರು. "ಇಲ್ಲ" ಎನ್ನುವ ಹಾಗೆ ನನ್ನ ಕಡೆ ನೋಡಿದರು. ಮತ್ತೆ ಏನನ್ನಿಸಿತೋ, ತಂಗಿಯನ್ನು ಎತ್ತಿ ತಮ್ಮ ಎದೆಗೆ ಒರಗಿಸಿಕೊಂಡರು. ಮೆಟ್ಟಿಲು ಹತ್ತಿದ ಆ ಎದೆ ಇನ್ನೂ ಇಳಿದಿರಲಿಲ್ಲ. ಧಪ್ ಧಪ್ ಎಂದು ಚಿಕ್ಕತ್ತೆಯ ಕಿವಿಯ ಮೇಲೇ ಬಡಿಯುತ್ತಿತ್ತು.

ಚಿಕ್ಕತ್ತೆ ಕಣ್ಣು ಬಿಟ್ಟರು. "ಅಕ್ಕ" ಎಂದರು. "ನೀನು ಸತ್ತೋಗಿಲ್ವಾ?"

"ಯಾರಂದ್ರು?"

"ಕೇಳ್ತಾನೇ ಇರಲಿಲ್ಲವಲ್ಲ. ಎಷ್ಟು ದಿನ ಕಾದೆ. ಅಕ್ಕ ಹೋದ್ಲು, ಇನ್ನು ನಂದು ಯಾರಿಗೆ ಕೇಳಿಸ್ಬೇಕು ಅಂತ ಸುಮ್ಮನಾದೆ."

ಪಾರಿಜಾತ ಕಿಟಕಿಯ ಹತ್ತಿಯನ್ನು ನೋಡಿದಳು. ಅದನ್ನು ಹೊಲಿದದ್ದು ಯಾವಾಗ ಎಂದು ಅವಳೊಬ್ಬಳಿಗೆ ಗೊತ್ತಿತ್ತು. ಹೋಗಿ, ಹೊಲಿಗೆ ಬಿಚ್ಚಲು ಪುರುಸೊತ್ತಿಲ್ಲದವಳಂತೆ, ಎರಡೂ ಕೈಯಲ್ಲಿ ಹರಿದು ಎಳೆದಳು. ಬೆಳಕು ಬಂತು. ಜೊತೆಗೆ ಊರಿನ ಎದೆಗಳೆಲ್ಲ ಒಳಗೆ ಬಂದವು.

"ನಿಂಗೆ ಹೇಳ್ದೆ ಸಾಯ್ತೀನಾ ನಾನು" ಎಂದರು ಅತ್ತೆ. "ಪಾರಿಜಾತ, ಅಳೋದು ಆಮೇಲೆ. ಮನೇಲಿ ಮಣೆ ಐತಾ? ಒಂದರ ಮೇಲೊಂದು ಇಡು. ಮುದ್ದೆಗೆ ಎಸರಿಡು. ಚಿಕ್ಕಿ, ಕಾಲು ಕೆಳಗಿಡು."

"ಕೆಳಗೆ ಎಲ್ಲೈತೆ ಅಕ್ಕ?"

ನಾನೂ ಪಾರಿಜಾತಳೂ ಹಾಸಿಗೆಗಳನ್ನು ಎಳೆದು ಹಾಕಿ ನೆಲ ಹುಡುಕಿಕೊಟ್ಟೆವು. ಚಿಕ್ಕತ್ತೆಯ ಪಾದ ತಣ್ಣನೆಯ ನೆಲ ಮುಟ್ಟಿದ್ದೇ ಬೆರಳುಗಳು ಮುದುಡಿಕೊಂಡವು, ಆಮೇಲೆ ಒಂದೊಂದೇ ಬಿಚ್ಚಿಕೊಂಡವು. ಅತ್ತೆ ಎದುರಿಗೆ ನಿಂತು ಎರಡೂ ಕೈ ಹಿಡಿದರು. "ಏಳು" ಎಂದರು. ಚಿಕ್ಕತ್ತೆ ಎದ್ದದ್ದು ನಾಲ್ಕು ಬೆರಳಿನಷ್ಟು. ಧೊಪ್ಪನೆ ಕೂತರು. ಇಬ್ಬರೂ ನಗತೊಡಗಿದರು. ಆ ನಗುವಿನ ನಡುವೆ ತೀರಾ ಸಣ್ಣಗೆ, ಹರಿದ ಚಪ್ಪಲಿ ಎಳೆದ ಸದ್ದು ಕೇಳಿತು. ನಿಂತಿತು. ಮತ್ತೆ ಕೇಳಿತು.

ಅದನ್ನೇ ಆಲಿಸುತ್ತ ನಿಂತಿದ್ದೆ. ಆಗ ಇನ್ನೊಂದು ಸದ್ದು ಗೊತ್ತಾಯಿತು. ಒಗ್ಗರಣೆ ಡಬ್ಬಿಯ ಮುಚ್ಚಳ ತಟ್ಟಿದ ಹಾಗೆ, ತೆಳ್ಳಗೆ, ಬಿಡದೆ. ಯಾರದಿದು ಎಂದು ಸುತ್ತ ನೋಡಿದೆ. ಪಾರಿಜಾತ ಕಣ್ಣು ತಗ್ಗಿಸಿದಳು. ಒಬ್ಬರ ಎದೆ ಮೊದಲ ಸಲ ಕೇಳಿದಾಗ ಹಾಗೆ ಕಣ್ಣು ತಗ್ಗಿಸುವುದು ನಮ್ಮೂರಿನ ಮರ್ಯಾದೆ. ನನ್ನ ಕೈ ತಾನಾಗಿ ಸೆರಗನ್ನು ಎಳೆದು ಎದೆಗೆ ಒತ್ತಿಕೊಂಡಿತು. ಇಷ್ಟು ವರ್ಷ ಏನೂ ಬಯಸದೆ ಕಾಪಾಡಿಕೊಂಡು ಬಂದದ್ದು. ಇಬ್ಬರು ಮುದುಕಿಯರು ನಕ್ಕರೆಂದು ಹೀಗೆ ಬಯಲಾಗಿತ್ತು.

"ಬಂತಾ?" ಎಂದರು ಅತ್ತೆ. ತಲೆ ಓರೆ ಮಾಡಿ ಸ್ವಲ್ಪ ಕೇಳಿದರು. "ಚೆನ್ನಾಗೈತೆ. ನಿಂದು ಹೆಂಗಿರುತ್ತೋ ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ."

ಮಧ್ಯಾಹ್ನ ಉಂಡು ಹೊರಟೆವು. ಮೆಟ್ಟಿಲು ಇಳಿಯುವಾಗ ಅತ್ತೆ ನನ್ನ ಚಪ್ಪಲಿಯಲ್ಲಿ ಮುಂದೆ ಮುಂದೆ. ಅವರ ಸದ್ದು ಆಗಲೇ ಅಡಗಿತ್ತು. ಹಿಂದೆ ಬರಿಗಾಲಿನಲ್ಲಿ ನಾನು, ಕಾದ ಕಲ್ಲಿನ ಮೇಲೆ, ಟಕ ಟಕ ಎನ್ನುತ್ತ. ಕೆಳಗಿನ ಬೀದಿಯ ತಿರುವಿನಲ್ಲೇ ಜಯಶೀಲ ನಿಂತಿದ್ದಳು. ನಮ್ಮ ಜಗಲಿಯ ಮೇಲೆ ಬುಡನ್ ಸಾಬರು ಬಿಲ್ಲು ಇಳಿಸಿಕೊಂಡು ಕೂತಿದ್ದರು. ಪಕ್ಕದಲ್ಲಿ ನಮ್ಮ ಮನೆಯವರು. ನನ್ನೆದೆಯ ಸುದ್ದಿ ಬಾಯಿಂದ ಬಾಯಿಗೆ ಮೊದಲೇ ಬಂದು ಮನೆ ಸೇರಿತ್ತೆಂದು ಕಾಣುತ್ತದೆ. ಹೊಸ ಹತ್ತಿಯ ಮೂಟೆ ಬಾಗಿಲಲ್ಲಿತ್ತು. ಪ್ರೀತಿಯಲ್ಲಿ ನಮ್ಮ ಮನೆಯವರು ಯಾವತ್ತೂ ತಡಮಾಡಿದವರಲ್ಲ.

"ಏನ್ ಪ್ರಭಾಮಣಿ, ಶುರುವಾಯ್ತಂತೆ?" ಎಂದಳು ಜಯಶೀಲ. "ಯಾವತ್ತು ಕೂರಿಸ್ತಾರೆ?"

ಅತ್ತೆ ನಿಂತರು. ಕಾಲಿನಿಂದ ಚಪ್ಪಲಿ ಬಿಟ್ಟು, ಬೆರಳಿನಿಂದ ತಳ್ಳಿ ನನ್ನ ಮುಂದಿಟ್ಟರು.

"ಅವಳಿಗೆ ಕೂರೋಕೆ ಪುರುಸೊತ್ತಿಲ್ಲ ಕಣವ್ವ" ಎಂದರು. "ನಾಳೆ ಬೆಳಿಗ್ಗೆ ಮತ್ತೆ ಮೆಟ್ಲು ಹತ್ಬೇಕು."

ಚಪ್ಪಲಿ ಇನ್ನೂ ಬೆಚ್ಚಗಿತ್ತು. ಹಾಕಿಕೊಂಡೆ.